ಕಾಲೇಜು ಕಟ್ಟಿದವರ ಮಕ್ಕಳು ಎಲ್ಲಿ?

ಜೂನ್ ಬಂತೆಂದರೆ ಪುಣೆಯ ಕಂಬಕಂಬಕ್ಕೂ ಫ್ಲೆಕ್ಸ್ ಏರುತ್ತದೆ. ಬೋರ್ಡ್ ಪರೀಕ್ಷೆಯಲ್ಲಿ ತೊಂಬತ್ತೈದರ ಮೇಲೆ ತೆಗೆದವರು, ನೀಟ್ ದಾಟಿದವರು, ದಿಲ್ಲಿಯ ಗಣರಾಜ್ಯೋತ್ಸವ ಪರೇಡಿಗೆ ಹೋಗಿಬಂದ ಎನ್‌ಸಿಸಿ ಕೆಡೆಟ್‌ಗಳು, ಅಂತರಕಾಲೇಜು ಕಬಡ್ಡಿ ಗೆದ್ದ ತಂಡ. ಸಾಲು ಸಾಲು ಮುಖ, ಮುಖದ ಕೆಳಗೆ ಹೆಸರು, ಹೆಸರಿನ ಕೊನೆಗೆ ಅಡ್ಡಹೆಸರು. ಒಮ್ಮೆ ನಿಂತು ಆ ಅಡ್ಡಹೆಸರುಗಳನ್ನು ಓದಿರಿ. ಮಾದರ, ದೊಡಮನಿ, ತಳವಾರ, ವಡ್ಡರ ಎಷ್ಟು ಸಿಗುತ್ತವೆ? ಆಮೇಲೆ ಕಾಲೇಜಿನ ಹೊಸ ಕಟ್ಟಡದ ಮಸ್ಟರ್ ಬುಕ್ ತೆರೆಯಿರಿ. ಅಲ್ಲಿ ಈ ಹೆಸರುಗಳಿಗೆ ಬರವಿಲ್ಲ.

ಈ ಊರಿನ ಸ್ಲ್ಯಾಬ್ ಹಾಕಿದವರಲ್ಲಿ ನಮ್ಮವರಿದ್ದಾರೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ, ಮಳೆ ಕೈಕೊಟ್ಟ ವರ್ಷಗಳಲ್ಲಿ ರಾತ್ರಿ ಬಸ್ಸು ಹತ್ತಿ ಬಂದವರು. ಬೆಳಿಗ್ಗೆ ವಾರ್ಜೆಯ ಮಜೂರ ಅಡ್ಡಾದಲ್ಲಿ ಹೋಗಿ ನಿಲ್ಲಿರಿ. ಮರಾಠಿ, ಹಿಂದಿಯ ನಡುವೆ ನಮ್ಮ ಕಡೆಯ ಕನ್ನಡ ಕೇಳುತ್ತದೆ, ತಾಂಡಾದ ಲಂಬಾಣಿ ಕೇಳುತ್ತದೆ. ಗಂಡಸರು ಸೆಂಟ್ರಿಂಗಿಗೆ, ಹೆಂಗಸರು ಕಾಂಕ್ರೀಟಿನ ಬುಟ್ಟಿ ಹೊರಲಿಕ್ಕೆ. ಕ್ಲಾಸ್‌ರೂಮು, ಪ್ರಯೋಗಾಲಯ, ಹಾಸ್ಟೆಲು, ಆಡಿಟೋರಿಯಂ ಎಲ್ಲವೂ ಆ ತಲೆಗಳ ಮೇಲಿಂದಲೇ ಮೇಲೇರಿದ್ದು. ಕಟ್ಟಡ ಮುಗಿದ ದಿನ ಅವರ ಪತ್ರಾಸ್ ಶೆಡ್ ಕಿತ್ತು ಮುಂದಿನ ಸೈಟಿಗೆ ಸಾಗಿಸುತ್ತಾರೆ. ಅವರ ಮಕ್ಕಳ ಶಾಲೆಯೂ ಶೆಡ್ಡಿನ ಜೊತೆಗೇ ಕಿತ್ತುಹೋಗುತ್ತದೆ.

ಪುಣೆಯ ಕನ್ನಡಿಗರಾದ ನಾವು ನಮ್ಮ ಸಮಾರಂಭಗಳಲ್ಲಿ ಯಾರನ್ನು ನೆನೆಯುತ್ತೇವೆ? ಬೇಂದ್ರೆ ಇಲ್ಲಿನ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಬಿ.ಎ. ಮುಗಿಸಿದರು. ಆಲೂರು ವೆಂಕಟರಾಯರು ಅಲ್ಲೇ ಓದಿದರು. ಗೋಕಾಕರು ಅಲ್ಲೇ ಪಾಠ ಹೇಳಿದರು. ಗಿರೀಶ ಕಾರ್ನಾಡರು 1974-75ರಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು, ಕಾಸರವಳ್ಳಿಯವರು 1975ರಲ್ಲಿ ಅಲ್ಲಿಂದ ಚಿನ್ನದ ಪದಕದೊಂದಿಗೆ ಹೊರಬಂದರು. ಇವರೆಲ್ಲರ ಬಗ್ಗೆ ನನಗೂ ಅಭಿಮಾನವಿದೆ. ಆದರೆ ಜಮಖಂಡಿಯಲ್ಲಿ 1873ರಲ್ಲಿ ಹುಟ್ಟಿ, ಅದೇ ಫರ್ಗ್ಯುಸನ್‌ನಲ್ಲಿ ಕಲಿತು, ಆಕ್ಸ್‌ಫರ್ಡಿಗೂ ಹೋಗಿಬಂದು, 1906ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ವಿಠ್ಠಲ ರಾಮಜಿ ಶಿಂದೆಯವರ ಹೆಸರು ನಮ್ಮ ವೇದಿಕೆಗಳಲ್ಲಿ ಏಕೆ ಬರುವುದಿಲ್ಲ? ಕನ್ನಡ ನೆಲದಲ್ಲಿ ಬೆಳೆದ ಆ ಮನುಷ್ಯ ಪುಣೆಯ ನಾನಾ ಪೇಠೆಯಲ್ಲಿ ಅಸ್ಪೃಶ್ಯರ ಮಕ್ಕಳು ಉಂಡು, ಮಲಗಿ, ಓದುವಂಥ ಅಹಲ್ಯಾಶ್ರಮ ಕಟ್ಟಿದರು. ಪದವಿ ಪಡೆದವರು ಅನೇಕರು. ಪದವಿಯನ್ನು ಹೊಲೆಗೇರಿ ಮಾದಿಗರ ಕೇರಿಗಳಿಗೆ ಹೊತ್ತೊಯ್ದವರು ಬೆರಳೆಣಿಕೆ. ನಾವು ಮೊದಲಿನವರ ಫೋಟೋಕ್ಕೆ ಹಾರ ಹಾಕುತ್ತೇವೆ, ಎರಡನೆಯವರನ್ನು ಮರೆಯುತ್ತೇವೆ. ಇದು ಕೈತಪ್ಪಿ ಆದ ಮರೆವು ಎಂದು ನಾನು ಒಪ್ಪುವುದಿಲ್ಲ.

ವಿದ್ಯಾರ್ಥಿ ಸಾಧನೆ ಎಂಬ ಮಾತಿಗೆ ಈ ಊರಿನಲ್ಲಿ ಒಂದು ಹಳೆಯ ಅಳತೆಗೋಲಿದೆ. 1848ರಲ್ಲಿ ಬುಧವಾರ ಪೇಠೆಯ ಭಿಡೆವಾಡಾದಲ್ಲಿ ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ಹುಡುಗಿಯರ ಶಾಲೆ ತೆರೆದರು. ಆ ದಂಪತಿಯ ಶಾಲೆಯಲ್ಲಿ ಕಲಿತ ಮಾಂಗ ಜಾತಿಯ ಹುಡುಗಿ ಮುಕ್ತಾ ಸಾಳ್ವೆ, ಹದಿನಾಲ್ಕರ ಆಸುಪಾಸಿನ ಪ್ರಾಯ, ಮಾಂಗ ಮಹಾರರ ದುಃಖದ ಬಗ್ಗೆ ನಿಬಂಧ ಬರೆದಳು. 1855ರಲ್ಲಿ ‘ಜ್ಞಾನೋದಯ’ ಪತ್ರಿಕೆ ಅದನ್ನು ಅಚ್ಚು ಹಾಕಿತು. ವೇದ ನಮ್ಮದು, ನೀವು ಮುಟ್ಟಬೇಡಿ ಎನ್ನುವವರಿಗೆ ಅವಳು ಕೇಳಿದ್ದು: ಹಾಗಿದ್ದರೆ ನಮ್ಮ ಧರ್ಮ ಯಾವುದು? ಹೆರಿಗೆಯಾದ ತನ್ನ ಜಾತಿಯ ಹೆಂಗಸಿನ ತಲೆಯ ಮೇಲೆ ಸೂರಿಲ್ಲದ್ದನ್ನೂ ಅವಳು ಬರೆದಳು. ಅವಳಿಗೆ ಅಂಕಪಟ್ಟಿ ಇರಲಿಲ್ಲ, ರ‍್ಯಾಂಕ್ ಇರಲಿಲ್ಲ. ಆ ನಿಬಂಧದ ಎತ್ತರಕ್ಕೆ ನಿಲ್ಲುವ ವಿದ್ಯಾರ್ಥಿ ಸಾಧನೆ ಪುಣೆಯಲ್ಲಿ ಇನ್ನೊಂದಿದ್ದರೆ ಯಾರಾದರೂ ತೋರಿಸಲಿ.

ಅದೇ 1855ರಲ್ಲಿ ಫುಲೆ ದಂಪತಿ ಕೂಲಿಕಾರರಿಗೆ, ರೈತರಿಗೆ ರಾತ್ರಿ ಶಾಲೆ ಶುರುಮಾಡಿದರು. ದುಡಿಯುವವರು ಹಗಲು ಬರಲಾರರು, ಆದ್ದರಿಂದ ಶಾಲೆಯೇ ರಾತ್ರಿಗೆ ಸರಿಯಬೇಕು. ಇದು ಅವರಿಗೆ ಹೊಳೆದಿತ್ತು. 1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ಫುಲೆ ಇಟ್ಟ ಆರೋಪವೂ ಇದರದೇ ಮುಂದುವರಿಕೆ: ಸರ್ಕಾರದ ಬೊಕ್ಕಸ ತುಂಬುವುದು ರೈತನ ಬೆವರಿನಿಂದ, ಆ ಹಣ ಖರ್ಚಾಗುವುದು ಮೇಲ್ಜಾತಿಯ ಮಕ್ಕಳ ಉನ್ನತ ಶಿಕ್ಷಣಕ್ಕೆ. ಪುಣೆ ವಿಶ್ವವಿದ್ಯಾಲಯಕ್ಕೆ 2014ರಲ್ಲಿ ಸಾವಿತ್ರಿಬಾಯಿಯ ಹೆಸರಿಟ್ಟರು. ಭಿಡೆವಾಡಾವನ್ನು ಸ್ಮಾರಕಕ್ಕೆಂದು 2023ರ ಡಿಸೆಂಬರಿನಲ್ಲಿ ಕೆಡವಿದರು. ಹೆಸರು ಬಂತು, ಸ್ಮಾರಕವೂ ಬರುತ್ತದೆ. ಫುಲೆಯ ಆ ಆರೋಪಕ್ಕೆ ಉತ್ತರ ಮಾತ್ರ ಇನ್ನೂ ಬಂದಿಲ್ಲ.

ಬಂದಿಲ್ಲ ಎಂದು ಏಕೆ ಹೇಳುತ್ತೇನೆ ಎಂದರೆ, ವಿಜಯಪುರ ಜಿಲ್ಲೆಯ ತಾಂಡಾದ ಒಂದು ಕುಟುಂಬದ ಜೊತೆ ನಾನು ಜಾತಿ ಪ್ರಮಾಣಪತ್ರದ ಕೌಂಟರಿನಲ್ಲಿ ನಿಂತಿದ್ದೇನೆ. ಹುಡುಗಿ ಹನ್ನೆರಡನೆಯದನ್ನು ಒಳ್ಳೆಯ ಅಂಕದಲ್ಲಿ ಪಾಸು ಮಾಡಿದ್ದಳು. ತಾಯಿಯ ಕೈಯಲ್ಲಿ ಕ್ಯಾರಿಬ್ಯಾಗು. ಅದರೊಳಗೆ ಶಾಲೆ ಬಿಟ್ಟ ದಾಖಲೆ, ಆಧಾರ್, ಬಾಡಿಗೆ ಖೋಲಿಯ ಲೈಟ್ ಬಿಲ್ಲು, ಮಡಿಕೆಯಲ್ಲಿ ಹರಿದು ಸೆಲ್ಲೋಟೇಪ್ ಹಚ್ಚಿದ ಅಪ್ಪನ ಜಾತಿ ಪ್ರಮಾಣಪತ್ರ. ಕನ್ನಡದಲ್ಲಿತ್ತು, ತಹಶೀಲ್ದಾರರ ಮುದ್ರೆಯಿತ್ತು. ಗುಮಾಸ್ತ ಅದನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಇಟ್ಟ. 1961ರ ನವೆಂಬರ್ 21ಕ್ಕೆ ಮೊದಲು ನಿಮ್ಮ ಹಿರಿಯರು ಮಹಾರಾಷ್ಟ್ರದಲ್ಲಿ ಇದ್ದುದಕ್ಕೆ ಪುರಾವೆ ತನ್ನಿ ಎಂದ. ನಾನು ಆ ತಾಯಿಗೆ ಕನ್ನಡದಲ್ಲಿ ಹೇಳಿದೆ. ಸಿಮೆಂಟಿಗೆ ಬಿರಿದ ಬೆರಳುಗಳಿಂದ ಕಾಗದ ಮಡಚುತ್ತ ಆಕೆ ಅಂದಳು:

“ನಮ್ ಮಾಮಾ ಬಂದಿದ್ದ ಎಪ್ಪತ್ತೆರಡರ ಬರದಾಗ್ರಿ. ಅದಕೂ ಮೊದ್ಲ ಊರಾಗ ಹೊಟ್ಟಿಗಿ ಇತ್ತು, ಯಾಕ ಬರ್ತಿದ್ರು?”

ಹುಡುಗಿ ನನ್ನನ್ನೇ ಕೇಳಿದಳು: “ಕಾಕಾ, ನಾ ಹುಟ್ಟಿದ್ದು ಇಲ್ಲೇ, ಸಸೂನ್ ದವಾಖಾನ್ಯಾಗ. ಮತ್ತ ನಾ ಯಾ ಊರಾಕಿ?”

ಗುಮಾಸ್ತನ ಮೇಲೆ ನನಗೆ ಸಿಟ್ಟಿಲ್ಲ. ಅವನ ಮುಂದೆ ಇದ್ದದ್ದು ನಿಯಮದ ಪುಸ್ತಕ. ಮಹಾರಾಷ್ಟ್ರದಲ್ಲಿ ಪರಿಶಿಷ್ಟ ಜಾತಿಗಳಿಗೆ 1950ರ ಆಗಸ್ಟ್ 10, ವಿಮುಕ್ತ ಅಲೆಮಾರಿ ಜಾತಿಗಳಿಗೆ 1961ರ ನವೆಂಬರ್ 21, ಹಿಂದುಳಿದವರಿಗೆ 1967ರ ಅಕ್ಟೋಬರ್ 13. ಆ ದಿನಕ್ಕೆ ಮೊದಲು ಅಜ್ಜ ಇಲ್ಲಿರಬೇಕು. ಲಂಬಾಣಿಗಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಸಂವಿಧಾನದ 341 ಮತ್ತು 342ನೇ ವಿಧಿಗಳಂತೆ ಪರಿಶಿಷ್ಟರ ಪಟ್ಟಿ ಆಯಾ ರಾಜ್ಯಕ್ಕೆ ಸೀಮಿತ, ವಲಸೆ ಹೋದವರು ಹೊಸ ರಾಜ್ಯದಲ್ಲಿ ಆ ಸೌಲಭ್ಯ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1990ರಲ್ಲಿ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿತು. ಗಡಿ ದಾಟಿದ ಕೂಡಲೇ ಜಾತಿಯ ಸೌಲಭ್ಯ ಕಳಚಿಬೀಳುತ್ತದೆ, ಜಾತಿಯ ಅವಮಾನ ಮಾತ್ರ ಒಂದು ಗುಂಜಿಯೂ ಕಡಿಮೆಯಾಗದೆ ಬೆನ್ನಿಗೇ ಬರುತ್ತದೆ. ಬಾಡಿಗೆ ಮನೆ ಕೇಳಲು ಹೋದಾಗ ಮನೆಯೊಡೆಯ 1961ರ ಪುರಾವೆ ಕೇಳುವುದಿಲ್ಲ. ಹೆಸರು ಕೇಳಿದರೆ ಅವನಿಗೆ ಸಾಕು.

ಸರಿ, ಆ ಹುಡುಗಿ ಹೇಗೋ ಸಾಲ ಮಾಡಿ ಕಾಲೇಜಿನ ಒಳಗೆ ಹೋದಳೆಂದುಕೊಳ್ಳಿ. ಒಳಗೆ ಏನಿದೆ? ಪುಣೆಯ ಕಾಲೇಜು ಬದುಕಿನ ಕಳೆ ಪುರುಷೋತ್ತಮ ಕರಂಡಕ. 1963ರಿಂದ ನಡೆದುಬಂದ ಅಂತರಕಾಲೇಜು ಏಕಾಂಕ ಸ್ಪರ್ಧೆ. ಮಳೆಗಾಲದುದ್ದಕ್ಕೂ ಕಾಲೇಜುಗಳ ಹಾಲ್‌ಗಳಲ್ಲಿ ತಡರಾತ್ರಿಯ ತನಕ ತಾಲೀಮು, ಭರತ ನಾಟ್ಯ ಮಂದಿರದಲ್ಲಿ ಪ್ರಯೋಗ, ಹೊರಗೆ ಗಂಟಲು ಹರಿಯುವ ಘೋಷಣೆ. ಮರಾಠಿ ರಂಗಭೂಮಿಯ, ಸಿನಿಮಾದ ಎಷ್ಟೋ ಹೆಸರುಗಳು ಅಲ್ಲಿಂದ ಎದ್ದುಬಂದವು. ಅದು ನಿಜವಾದ ವಿದ್ಯೆ. ಜೊತೆಯವರ ಮಾತು ಕೇಳಿಸಿಕೊಂಡು ತನ್ನ ಮಾತು ಆಡುವುದನ್ನು ತರಗತಿಗಿಂತ ಚೆನ್ನಾಗಿ ಕಲಿಸುತ್ತದೆ. ಆದರೆ ಎರಡು ತಿಂಗಳು ಸಂಜೆಗಳನ್ನು ತಾಲೀಮಿಗೆ ಕೊಡಬಲ್ಲವರು ಯಾರು? ಮಧ್ಯಾಹ್ನ ಒಂದಕ್ಕೆ ಕ್ಲಾಸು ಮುಗಿಸಿ ಎರಡಕ್ಕೆ ಮಾಲ್‌ನ ಬಿಲ್ಲಿಂಗ್ ಕೌಂಟರಿಗೆ, ಇಲ್ಲವೆ ಡೆಲಿವರಿ ಬೈಕಿಗೆ ಓಡುವ ಹುಡುಗನಿಗೆ ಕ್ಯಾಂಪಸ್ ಎಂದರೆ ಹಾಜರಿ ಕೂಗುವ ನಾಲ್ಕು ಗಂಟೆ. ಆಮೇಲೆ ವಾರ್ಷಿಕ ವರದಿ ಬರೆಯುವವರು ಅವನನ್ನು “ಭಾಗವಹಿಸದ ವಿದ್ಯಾರ್ಥಿ” ಎಂದು ಕರೆಯುತ್ತಾರೆ. ಅವನ ಸಂಜೆಯನ್ನು ಕೊಂಡುಕೊಂಡವರು ಯಾರು ಎಂಬುದು ಯಾವ ವರದಿಯಲ್ಲೂ ಇರುವುದಿಲ್ಲ.

ಇದಕ್ಕೆ ದಾರಿ ಇಲ್ಲವೆಂದೇನೂ ಅಲ್ಲ. 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದ ಕರ್ಮವೀರ ಭಾವುರಾವ ಪಾಟೀಲರು ಸಾತಾರದಲ್ಲಿ ಎಲ್ಲ ಜಾತಿಯ ಹುಡುಗರನ್ನು ಒಂದೇ ಬೋರ್ಡಿಂಗಿನಲ್ಲಿ ಇಟ್ಟು, ಒಂದೇ ಒಲೆಯ ಅನ್ನ ಉಣ್ಣಿಸಿದರು. ಆ ಮಕ್ಕಳ ಊಟಕ್ಕಾಗಿ ಅವರ ಹೆಂಡತಿ ಲಕ್ಷ್ಮೀಬಾಯಿ ಕೊರಳ ಮಂಗಳಸೂತ್ರವನ್ನೂ ಬಿಚ್ಚಿಕೊಟ್ಟದ್ದು ಮಹಾರಾಷ್ಟ್ರದ ಮನೆಮನೆಗೆ ಗೊತ್ತು. ದುಡಿಯುತ್ತ ಕಲಿಯುವ ಅವರ ‘ಕಮವಾ ಆಣಿ ಶಿಕಾ’ ಪುಣೆ ವಿಶ್ವವಿದ್ಯಾಲಯದಲ್ಲಿ ಅವರದೇ ಹೆಸರಿನ ಯೋಜನೆಯಾಗಿ ಇಂದಿಗೂ ಇದೆ. ಹುಡುಗರು ತೋಟಕ್ಕೆ ನೀರು ಹಾಕುತ್ತಾರೆ, ಲೈಬ್ರರಿಯ ಪುಸ್ತಕ ಜೋಡಿಸುತ್ತಾರೆ, ಗಂಟೆಯ ಲೆಕ್ಕದಲ್ಲಿ ಕಾಸು ಪಡೆಯುತ್ತಾರೆ. ಆ ಕಾಸು ಹೊರಗಿನ ಕೂಲಿಗೆ ಸಮನಾಗಲಿ. ಆಗ ಡೆಲಿವರಿ ಚೀಲ ಕೆಳಗಿಟ್ಟು ಆ ಹುಡುಗ ಸಂಜೆ ಕ್ಯಾಂಪಸ್ಸಿನಲ್ಲಿ ಉಳಿಯುತ್ತಾನೆ, ನಾಟಕಕ್ಕೂ ಉಳಿಯುತ್ತಾನೆ.

ಕ್ಯಾಂಪಸ್ಸೇ ಗೇಟು ದಾಟಿ ಹೊರಗೆ ಹೋದ ಉದಾಹರಣೆಯೂ ಈ ಊರಿನಲ್ಲೇ ಇದೆ. 1990ರ ಹೊತ್ತಿಗೆ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣ ವಿಭಾಗದ ಲಕ್ಷ್ಮೀ ನಾರಾಯಣ್, ಪೂರ್ಣಿಮಾ ಚಿಕರಮನೆ ಕಸ ಆಯುವ ಮಕ್ಕಳಿಗೆ ಅಕ್ಷರ ಕಲಿಸಲು ಹೊರಟರು. ಮಕ್ಕಳ ಹಿಂದೆ ಹೋದಾಗ ತಾಯಂದಿರು ಸಿಕ್ಕರು, ಅವರ ದುಡಿಮೆ ಕಣ್ಣಿಗೆ ಬಿತ್ತು. ಕಾರ್ಮಿಕ ನಾಯಕ ಬಾಬಾ ಆಢಾವರ ಬೆಂಬಲದೊಂದಿಗೆ 1993ರಲ್ಲಿ ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್ ಎಂಬ ಸಂಘಟನೆ ಹುಟ್ಟಿತು. ಕಸ ಆಯುವ ಹೆಂಗಸಿನ ಕೈಗೆ ಗುರುತಿನ ಚೀಟಿ ಬಂತು. 2008ರಲ್ಲಿ ಆ ಸಂಘಟನೆಯಿಂದಲೇ ‘ಸ್ವಚ್ಛ’ ಸಹಕಾರಿ ಸಂಘ ಬೆಳೆಯಿತು. ಸಮುದಾಯ ಕಾಲೇಜು ಎಂಬ ಹೆಸರಿಗೆ ಯೋಗ್ಯವಾದ ಕೆಲಸ ಇದು. ಪುದುಚೇರಿಯಲ್ಲಿ 1995ರಲ್ಲಿ ಶುರುವಾಗಿ ಯುಜಿಸಿಯ ಯೋಜನೆಯಾದ ಸಮುದಾಯ ಕಾಲೇಜುಗಳ ಬಗ್ಗೆ ನನ್ನ ತಕರಾರು ಒಂದೇ: ಬಡವರ ಮಕ್ಕಳಿಗೆ ಕಸುಬಿನ ಸರ್ಟಿಫಿಕೇಟು, ಉಳ್ಳವರ ಮಕ್ಕಳಿಗೆ ಡಿಗ್ರಿ ಎಂಬ ಎರಡು ಪಂಕ್ತಿ ಅಲ್ಲೂ ಬೀಳಬಾರದು. ಗಾರೆ ಕೆಲಸದವನ ಮಗಳಿಗೆ ತತ್ವಶಾಸ್ತ್ರ ಓದುವ ಹಕ್ಕಿದೆ.

ಉಳಿದ ಕಾಲೇಜುಗಳು ಮಾಡುತ್ತಿರುವುದೇನು? ಎನ್‌ಎಸ್‌ಎಸ್‌ನ ಏಳು ದಿನದ ಶಿಬಿರಕ್ಕೆ ಬಸ್ಸು ಮಾಡಿಕೊಂಡು ದೂರದ ಹಳ್ಳಿಗೆ ಹೋಗುತ್ತಾರೆ. ಕಾಂಪೌಂಡಿಗೆ ಒರಗಿದ ಪತ್ರಾಸ್ ಶೆಡ್ಡಿನಲ್ಲಿ ತಮ್ಮನನ್ನು ಎತ್ತಿಕೊಂಡು ಕೂತ ಏಳು ವರ್ಷದ ಹುಡುಗಿ ಆ ಬಸ್ಸು ಹೋಗುವುದನ್ನು ನೋಡುತ್ತಾಳೆ. ಕಾಲೇಜಿಗೆ ಶ್ರೇಣಿ ಕೊಡುವ ನ್ಯಾಕ್‌ನ ವರದಿಗೆ ಹಳ್ಳಿಯ ಫೋಟೋ ಬೇಕು, ಶೆಡ್ಡಿನ ಫೋಟೋ ಬೇಡ. ಶೆಡ್ಡಿನ ಫೋಟೋ ತೆಗೆದರೆ ಅದು ಯಾರ ಕಟ್ಟಡದ ಶೆಡ್ಡು ಎಂದು ಕೇಳುವವರು ಹುಟ್ಟುತ್ತಾರೆ.

ಕರ್ನಾಟಕ, ಮಹಾರಾಷ್ಟ್ರ ಎರಡೂ ಸರ್ಕಾರಗಳಿಗೆ ಒಂದು ಮಾತು. ಬೆಳಗಾವಿ ಯಾರದೆಂದು ನೀವು 2004ರಿಂದ ಸುಪ್ರೀಂ ಕೋರ್ಟಿನಲ್ಲಿ ವಕೀಲರನ್ನು ನಿಲ್ಲಿಸಿದ್ದೀರಿ. ನೆಲಕ್ಕಾಗಿ ಇಷ್ಟು ವರ್ಷ ವಾದಿಸುವವರು, ಇವಳು ನಮ್ಮ ಮಗಳು ಎಂದು ಪ್ರಮಾಣಪತ್ರದ ಕೌಂಟರಿನಲ್ಲಿ ನಿಂತ ಆ ಹುಡುಗಿಗಾಗಿ ಎಂದಾದರೂ ವಾದಿಸಿದ್ದೀರಾ? ಕರ್ನಾಟಕ ತನ್ನ ಪಟ್ಟಿಯಲ್ಲಿರುವ ಮಕ್ಕಳ ವಿದ್ಯಾರ್ಥಿವೇತನವನ್ನು ಪುಣೆಯ ವಿಳಾಸಕ್ಕೇ ಕೊಡಲಿ, ಇಲ್ಲಿ ಒಂದು ಹಾಸ್ಟೆಲ್ ಕಟ್ಟಲಿ. ಮಹಾರಾಷ್ಟ್ರ ತನ್ನ ಆಸ್ಪತ್ರೆಯಲ್ಲಿ ಹುಟ್ಟಿದ, ತನ್ನ ಶಾಲೆಯಲ್ಲಿ ಕಲಿತ ಮಕ್ಕಳ ಮುಂದೆ 1961ರ ಗೋಡೆ ನಿಲ್ಲಿಸುವುದನ್ನು ಬಿಡಲಿ. ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದರಷ್ಟು ಸೆಸ್ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಮಕ್ಕಳ ಓದಿಗೆ ನೆರವು ಕೊಡುವುದು ಆ ಮಂಡಳಿಯ ಕೆಲಸ. ಆದರೆ ನೆರವು ಪಡೆಯಲು ತೊಂಬತ್ತು ದಿನ ದುಡಿದ ಪ್ರಮಾಣಪತ್ರ ಬೇಕು, ದಿನಕ್ಕೊಬ್ಬ ಮಾಲಕನ ಕೆಳಗೆ ದುಡಿಯುವ ಅಡ್ಡಾದ ಕೂಲಿಗೆ ಅದಕ್ಕೆ ಸಹಿ ಹಾಕುವವರಿಲ್ಲ.

ಪುಣೆಯ ಕನ್ನಡಿಗರೇ, ಈ ಕಾಗದಗಳನ್ನು ಹೊಂದಿಸಿಕೊಡುವುದು ನಮ್ಮಿಂದ ಆಗುವ ಕೆಲಸ. ನಮ್ಮಲ್ಲಿ ವಕೀಲರಿದ್ದಾರೆ, ಪ್ರಾಧ್ಯಾಪಕರಿದ್ದಾರೆ, ಬಿಲ್ಡರುಗಳಿದ್ದಾರೆ. ಸಹಿ ಹಾಕಬಲ್ಲ ಕೈಗಳು ನಮ್ಮ ನಡುವೆಯೇ ಇವೆ. ಒಂದು ರಾಜ್ಯೋತ್ಸವದ ಶಾಮಿಯಾನದ ದುಡ್ಡಿನಲ್ಲಿ ವಾರ್ಜೆ ಅಡ್ಡಾದ ಪಕ್ಕ ಒಂದು ಮೇಜು, ನಾಲ್ಕು ಕುರ್ಚಿ ಹಾಕಿಕೊಂಡು ವರ್ಷವಿಡೀ ಕೂರಬಹುದು. ಕನ್ನಡ ಕಾಗದ ಓದಬಲ್ಲವರು ಒಬ್ಬರು, ಮರಾಠಿಯಲ್ಲಿ ಅರ್ಜಿ ಬರೆಯಬಲ್ಲವರು ಒಬ್ಬರು, ನಿಯಮ ಗೊತ್ತಿರುವ ವಕೀಲರು ಒಬ್ಬರು. ಹತ್ತನೆಯ, ಹನ್ನೆರಡನೆಯ ಫಲಿತಾಂಶ ಬರುವ ಮೊದಲೇ ಆ ಮೇಜು ಅಲ್ಲಿರಬೇಕು.