ಭೂತಕನ್ನಡಿಯಿಂದ ಕೀಟಚಿತ್ರ

ಅಮರಕೋಶದಲ್ಲಿ ದುಂಬಿಗೆ ಷಟ್ಪದವೆಂಬ ಹೆಸರುಂಟು. ಕಾಲುಗಳನ್ನೆಣಿಸಿ ಹೆಸರಿಟ್ಟ ಪ್ರಾಚೀನರ ದೃಷ್ಟಿಯು ಎಷ್ಟು ಸೂಕ್ಷ್ಮವಾಗಿದ್ದಿತೆಂಬುದಕ್ಕೆ ಈ ಒಂದು ಪದವೇ ಸಾಕ್ಷಿ. ಸಕಲೇಶಪುರ, ಆಲೂರು ಸೀಮೆಯ ನಮಗಾದರೋ ಕೀಟವನ್ನು ಗುರುತಿಸುವುದು ಕೇವಲ ವಿನೋದವಲ್ಲ. ಕಾಫಿತೋಟವನ್ನು ನಂಬಿದ ಗೃಹಸ್ಥನ ಜೀವನೋಪಾಯಕ್ಕೆ ಸೇರಿದ ವಿಷಯ.

ಕೀಟಗಳ ಚಿತ್ರ ತೆಗೆಯಲು ಮ್ಯಾಕ್ರೋ ಎಂಬ ವಿಶೇಷ ಮಸೂರವೇ ಬೇಕೆಂದು ತಿಳಿದು ಅನೇಕರು ಹಿಂಜರಿಯುತ್ತಾರೆ. ಇದು ಸರಿಯಲ್ಲ. 17ನೆಯ ಶತಮಾನದಲ್ಲಿ ಹಾಲೆಂಡಿನ ಲೇವೆನ್‌ಹುಕ್ ಎಂಬ ಬಟ್ಟೆಯ ವರ್ತಕನು ಒಂದೇ ಒಂದು ಪುಟ್ಟ ಮಸೂರದಿಂದ ನೀರಿನೊಳಗಿನ ಅಣುಜೀವಿಗಳನ್ನು ಕಂಡನು. ಅಕ್ಕಸಾಲಿಗನು ಕಣ್ಣಿಗೊತ್ತಿಕೊಳ್ಳುವ ಹತ್ತು ಮಡಿಯ ಭೂತಕನ್ನಡಿಯನ್ನು ಮೊಬೈಲಿನ ಕಣ್ಣಿಗೆ ತಾಗಿಸಿ ಹಿಡಿದು, ವಸ್ತುವಿಗೆ ಸುಮಾರು ಎರಡೂವರೆ ಸೆಂಟಿಮೀಟರಿನಷ್ಟು ಸಮೀಪಿಸಿದರೆ ಇರುವೆಯ ಮೀಸೆಯೂ ಕಾಣುವುದು.

ಮಸೂರವನ್ನು ಕಳಚಬಹುದಾದ ಕ್ಯಾಮೆರಾ ಉಳ್ಳವರಿಗೆ ಇನ್ನೆರಡು ಮಾರ್ಗಗಳಿವೆ. ಒಂದು, 50 ಮಿಲಿಮೀಟರಿನ ಸಾಮಾನ್ಯ ಮಸೂರವನ್ನು ಒಂದು ಬಳೆಯ ಸಹಾಯದಿಂದ ಹಿಂದುಮುಂದಾಗಿ ಜೋಡಿಸುವುದು. ಆಗ ಹೊರಕ್ಕೆ ತೆರೆದಿರುವ ಹಿಂಭಾಗಕ್ಕೆ ಧೂಳು ಸೋಕದಂತೆ ಎಚ್ಚರವಿರಬೇಕು. ಇನ್ನೊಂದು, ಕ್ಯಾಮೆರಾಕ್ಕೂ ಮಸೂರಕ್ಕೂ ನಡುವೆ ಗಾಜಿಲ್ಲದ ಟೊಳ್ಳು ಕೊಳವೆಯನ್ನಿಡುವುದು. ಲೆಕ್ಕವು ಸುಲಭ: 50 ಮಿಲಿಮೀಟರಿನ ಮಸೂರಕ್ಕೆ 25 ಮಿಲಿಮೀಟರಿನ ಕೊಳವೆಯಾದರೆ ಬಿಂಬವು ನಿಜಗಾತ್ರದ ಅರ್ಧ, 50ರ ಕೊಳವೆಯಾದರೆ ನಿಜಗಾತ್ರವೇ. ಆದರೆ ಕೊಳವೆಯು ಬೆಳೆದಂತೆ ಬೆಳಕು ಕುಗ್ಗುವುದು.

ಈ ಮಾರ್ಗಗಳೆಲ್ಲಕ್ಕೂ ಸಮಾನವಾದ ಕಷ್ಟವೆಂದರೆ, ಸ್ಪಷ್ಟವಾಗಿ ಕಾಣುವ ಪದರವು ಅತ್ಯಂತ ತೆಳುವಾಗಿರುವುದು. ಕಣ್ಣು ಸ್ಪಷ್ಟವಾದರೆ ಬಾಲವು ಮಸುಕು. ಆದುದರಿಂದ ಕೀಟದ ಪಾರ್ಶ್ವಕ್ಕೆ ಸಮಾನಾಂತರವಾಗಿ ಕ್ಯಾಮೆರಾವನ್ನು ಹಿಡಿಯತಕ್ಕದ್ದು. ಮೊಣಕೈಯನ್ನು ಊರಿ, ಉಸಿರನ್ನು ಬಿಗಿಹಿಡಿದು, ಮೈಯನ್ನೇ ತುಸು ಹಿಂದುಮುಂದು ಸರಿಸುತ್ತ ಹಲವು ಚಿತ್ರಗಳನ್ನು ತೆಗೆಯತಕ್ಕದ್ದು. ಗಾಳಿಯಾಡದ ಬೆಳಗಿನ ಹೊತ್ತು ಪ್ರಶಸ್ತ. ಆಗ ಚಳಿಯಿಂದ ಜಡವಾದ ಕೀಟಗಳು ಬೇಗನೆ ಹಾರಲಾರವು.

ಇದರ ಪ್ರಯೋಜನವನ್ನು ನೋಡಿರಿ. ಅರೇಬಿಕಾ ಕಾಫಿಯ ಪರಮವೈರಿಯಾದ ಬಿಳಿ ಕಾಂಡಕೊರಕದ ದುಂಬಿಗಳು ಏಪ್ರಿಲ್-ಮೇ ತಿಂಗಳುಗಳಲ್ಲಿಯೂ, ಪುನಃ ಅಕ್ಟೋಬರಿನಿಂದ ಡಿಸೆಂಬರಿನವರೆಗೂ ಹೊರಬಂದು ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುತ್ತವೆ. ಮರಿಹುಳುವು ಕಾಂಡವನ್ನು ಕೊರೆಯುತ್ತ ಒಳಗೇ ಬೆಳೆಯುವುದು. ಬಾಧೆ ತಗುಲಿದ ಗಿಡವನ್ನು ಕಿತ್ತು ಸುಡುವುದು ವಾಡಿಕೆ. ಗುರುತು ತಪ್ಪಿದರೆ ಫಲ ಕೊಡುವ ಗಿಡವು ವೃಥಾ ನಾಶವಾದೀತು. ಉಪೇಕ್ಷಿಸಿದರೆ ನೆರೆಯ ಗಿಡಗಳಿಗೂ ಕೇಡು ಹಬ್ಬೀತು. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಭಾರತಕ್ಕೆ ಮೊದಲು ಕಾಣಿಸಿಕೊಂಡ ಕಾಯಿಕೊರಕವಂತೂ ಸಾಸಿವೆಯಷ್ಟೇ ಗಾತ್ರದ್ದು. ಹಣ್ಣಿನ ತುದಿಯ ಸಣ್ಣ ರಂಧ್ರವೇ ಅದರ ಸುಳಿವು.

ಆದಕಾರಣ ಸಂಶಯ ಬಂದಾಗ ಕೀಟದ ಚಿತ್ರವೊಂದನ್ನು, ಕಾಂಡದ ಮೇಲಿನ ಉಬ್ಬುಗೆರೆ ಅಥವಾ ಕಾಯಿಯ ರಂಧ್ರದ ಚಿತ್ರವೊಂದನ್ನು, ಇಡೀ ಗಿಡದ ಚಿತ್ರವೊಂದನ್ನು ತೆಗೆದಿಡಿರಿ. ಪಕ್ಕದಲ್ಲಿ ಅಳತೆಪಟ್ಟಿಯಿದ್ದರೆ ಗಾತ್ರವೂ ತಿಳಿಯುವುದು. ಅವನ್ನು ಕಾಫಿ ಮಂಡಳಿಯ ಅಧಿಕಾರಿಗಳಿಗೆ ತೋರಿಸಿದ ಮೇಲೆಯೇ ಕತ್ತಿಗೆ ಕೈ ಹಾಕುವುದು ಯುಕ್ತ.

ಕಡೆಯ ಮಾತೊಂದು. ಕೇವಲ ಚಿತ್ರಕ್ಕಾಗಿ ಕೀಟವನ್ನು ಕೊಲ್ಲುವುದೂ, ಅಲುಗದಿರಲೆಂದು ಅಂಟಿಸುವುದೂ ಅನುಚಿತ. ತೋಟದ ಕೀಟಗಳೆಲ್ಲವೂ ವೈರಿಗಳಲ್ಲ. ಜೇನು ಪರಾಗವನ್ನು ಹೊರುವುದು. ಚಗಳಿ ಇರುವೆಯು ಅನ್ಯ ಹುಳುಗಳನ್ನು ಬೇಟೆಯಾಡುವುದು. ಮಿತ್ರನಾರು, ಶತ್ರುವಾರು ಎಂಬ ವಿವೇಕವು ಮಕ್ಕಳಿಗೆ ಭೂತಕನ್ನಡಿಯೊಂದರಿಂದ ಲಭಿಸುವುದಾದರೆ, ಅದಕ್ಕೆ ತೆತ್ತ ಹಣವು ಸಾರ್ಥಕವೇ ಸರಿ.