ಕಡಲಿನವರ ಮಾತಿನಲ್ಲಿ ಅರ್ಧವನ್ನಷ್ಟೇ ಕೇಳುವವರು

ಕಡಲು ಬದಲಾಗಿದೆಯೆಂದು ಹೊನ್ನಾವರ, ಕುಮಟಾ ತೀರದ ನಾಡದೋಣಿ ಮೀನುಗಾರರಿಗೆ ಯಾರೂ ಬೋಧಿಸಬೇಕಾಗಿಲ್ಲ. ಗಾಳಿಯ ಲೆಕ್ಕ ತಪ್ಪಿದೆ. ತಾರಲೆ ಒಂದು ವರ್ಷ ರಾಶಿ ಬಿದ್ದರೆ ಮರುವರ್ಷ ಸುಳಿವಿಲ್ಲ. ಅಕಾಲದ ಮಳೆ ಕಾಸರಕೋಡಿನ ಹೆಂಗಸರು ಹರವಿದ ಒಣಮೀನನ್ನು ಕೊಳೆಸುತ್ತದೆ. 2019ರ ಅಕ್ಟೋಬರಿನಲ್ಲಿ ಕ್ಯಾರ್, 2021ರ ಮೇ ತಿಂಗಳಿನಲ್ಲಿ ತೌಕ್ತೆ ಚಂಡಮಾರುತ ಈ ಕಡಲನ್ನು ಕಲಕಿದವು. 2001ರಿಂದ 2019ರ ಅವಧಿಯಲ್ಲಿ ಅರಬ್ಬೀ ಸಮುದ್ರದ ಚಂಡಮಾರುತಗಳು ಶೇ. 52ರಷ್ಟು ಹೆಚ್ಚಿದವೆಂದು ಪುಣೆಯ ವಿಜ್ಞಾನಿಗಳು 2021ರಲ್ಲಿ ತೋರಿಸಿದರು. ನೀರು ಬಿಸಿಯಾದಂತೆ ಮೀನು ದೂರಕ್ಕೂ ಆಳಕ್ಕೂ ಸರಿಯುತ್ತದೆ. ದೊಡ್ಡ ಬೋಟು ಬೆನ್ನಟ್ಟೀತು, ನಾಡದೋಣಿ ಬೆನ್ನಟ್ಟಲಾರದು.

ಪ್ರಶ್ನಾವಳಿ ಹಿಡಿದು ಬರುವವರು ಇಷ್ಟನ್ನು 'ಮೀನುಗಾರರ ಗ್ರಹಿಕೆ' ಎಂದು ಬರೆದುಕೊಳ್ಳುತ್ತಾರೆ. ಅದರ ಬೆನ್ನಿಗೇ ಅವರು ಹೇಳುವ ಉಳಿದ ಮಾತು ಮಾತ್ರ ಬರಿಯ ದೂರಾಗಿಬಿಡುತ್ತದೆ. ರಾತ್ರಿ ಪ್ರಖರ ದೀಪ ಹೊತ್ತಿಸಿ ಮರಿಮೀನು ಸಹಿತ ಬಾಚುವ ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿತು. ದೀಪಗಳು ಆರಲಿಲ್ಲ. ಅದಕ್ಕೂ ಹವಾಮಾನವೇ ಹೊಣೆಯೇ?

ಘಟ್ಟದವರು ಕೇಳಲೇಬೇಕಾದ ಮಾತು ಇನ್ನೊಂದಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ವಿದ್ಯುದಾಗಾರಗಳಿಂದ ವರ್ಷವಿಡೀ ಇಳಿದು ಬರುವ ಸಿಹಿನೀರು ಶರಾವತಿಯ ಅಳಿವೆಯ ಉಪ್ಪನ್ನು ತಗ್ಗಿಸಿತು. ಬೇಸಗೆಯಲ್ಲೂ ಉಪ್ಪು ಸಾಲದೆ ಬೆಳಚು ಕ್ಷೀಣಿಸಿತು, ಮೀನಿನ ಜಾತಿಗಳು ಕಡಿಮೆಯಾದವು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನಗಳೂ ಇದನ್ನೇ ಹೇಳಿವೆ. ಪಕ್ಕದ ಅಘನಾಶಿನಿಗೆ ಅಣೆಕಟ್ಟಿಲ್ಲ. ಅಲ್ಲಿಯ ಅಳಿವೆಯ ಬೆಳಚು ಸಾವಿರಾರು ಜನರನ್ನು ಸಾಕುತ್ತ ಬಂದಿದೆ. ಎರಡು ಅಳಿವೆಗಳಿಗೂ ಕಡಲು ಒಂದೇ, ಮಳೆಗಾಲವೂ ಒಂದೇ. ಲಿಂಗನಮಕ್ಕಿಯ ನೀರಿನಡಿ ಮನೆ, ತೋಟ ಮುಳುಗಿಸಿಕೊಂಡವರ ಕಥೆ ಮಲೆನಾಡಿಗೆ ಗೊತ್ತು. ಅದೇ ನೀರು ಕೆಳಗಿಳಿದು ಯಾರ ಅನ್ನ ಕಸಿಯಿತೆಂಬುದನ್ನು ಘಟ್ಟದ ಮೇಲೆ ಕೇಳಿದವರು ವಿರಳ.

ಈಗ ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಮುಂದಿಡಲಾಗಿದೆ, ಅದೂ ಹಸಿರು ವಿದ್ಯುತ್ತಿನ ಹೆಸರಿನಲ್ಲಿ! ಹವಾಮಾನ ಕೆಟ್ಟು ಮೊದಲು ಪೆಟ್ಟು ತಿಂದವರ ಅಳಿವೆಯ ಮೇಲೆಯೇ ಹವಾಮಾನ ರಕ್ಷಣೆಯ ಹೊರೆ. ಕಾಡಿನ ಮರಗಳನ್ನು ಎಣಿಸಿದರಷ್ಟೇ ಸಾಲದು. ಗೇರುಸೊಪ್ಪೆಯಿಂದ ಕೆಳಗೆ ನೀರು ಯಾವ ತಿಂಗಳು ಎಷ್ಟು ಇಳಿಯುವುದು, ಅಳಿವೆಯ ಉಪ್ಪು ಏನಾಗುವುದು ಎಂಬ ಲೆಕ್ಕವನ್ನು ಕಾಸರಕೋಡಿನ ದಡದಲ್ಲಿ, ದೋಣಿಯವರ ಎದುರು, ಕನ್ನಡದಲ್ಲಿ ಓದಿ ಹೇಳುವವರೆಗೆ ಆ ಯೋಜನೆಗೆ ಒಪ್ಪಿಗೆ ಕೊಡುವ ಅಧಿಕಾರ ಯಾರಿಗೂ ಇಲ್ಲ.