ನಡುವಣ ಪುಸ್ತಕಕ್ಕೆ ನ್ಯಾಯ ಬೇಕು

ಮೂರು ಸಂಪುಟಗಳ ಕಾದಂಬರಿಯಲ್ಲಿ ನಡುವಣ ಸಂಪುಟಕ್ಕೆ ಒದಗುವಷ್ಟು ಅನ್ಯಾಯ ಬೇರಾವುದಕ್ಕೂ ಒದಗದು. ಮೊದಲನೆಯದಕ್ಕೆ ಹೊಸತನದ ಮನ್ನಣೆಯುಂಟು. ಕೊನೆಯದಕ್ಕೆ ಮುಕ್ತಾಯದ ಗೌರವವುಂಟು. ನಡುವಿನದು ಮಾತ್ರ ಎರಡು ಊರುಗಳ ನಡುವಣ ಧೂಳುದಾರಿಯಂತೆ, ನಡೆಯುವವರೆಲ್ಲರ ಬೈಗುಳಕ್ಕೆ ಗುರಿಯಾಗುತ್ತದೆ. ಅಮೆರಿಕದ ಲೇಖಕಿ ಸುಝಾನ್ ಕಾಲಿನ್ಸ್ ಬರೆದ ‘ಹಂಗರ್ ಗೇಮ್ಸ್’ (೨೦೦೮), ‘ಕ್ಯಾಚಿಂಗ್ ಫೈರ್’ (೨೦೦೯), ‘ಮಾಕಿಂಗ್‌ಜೇ’ (೨೦೧೦) ಎಂಬ ಕಾದಂಬರಿತ್ರಯದ ಎರಡನೆಯ ಪುಸ್ತಕಕ್ಕೆ ಆದದ್ದೂ ಇದೇ. ತರುಣ ವಾಚಕರಿಗಾಗಿ ಬರೆದ ಈ ಕಥೆ ಪುಸ್ತಕದಿಂದಲೋ ಚಲನಚಿತ್ರದಿಂದಲೋ ನಮ್ಮ ಮೇಲ್ತರಗತಿಯ ಮಕ್ಕಳ ಕಿವಿಗೂ ಬಿದ್ದಿದೆ. ಅದನ್ನು ಕುರಿತು ಓದುಗರು ಹೂಡಿದ ದೂರುಗಳನ್ನು ನಾವಿಲ್ಲಿ ಎದುರಿಸಬಯಸುತ್ತೇವೆ. ಆ ದೂರುಗಳಲ್ಲಿ ಅಡಗಿರುವ ಮನೋಧರ್ಮವು ನಮ್ಮ ಶಾಲೆಗಳ ಕಪಾಟುಗಳ ಮೇಲೂ ಆಳ್ವಿಕೆ ನಡೆಸುತ್ತಿರುವುದೇ ಇದಕ್ಕೆ ಕಾರಣ.

ಕಥೆಯನ್ನು ಅರಿಯದವರಿಗಾಗಿ ಎರಡು ಮಾತು. ಇದು ರಾಮರಾಜ್ಯದ ಕನಸಲ್ಲ, ಅದರ ತಲೆಕೆಳಗಾದ ಚಿತ್ರ. ಪನೆಮ್ ಎಂಬ ಕಲ್ಪಿತ ದೇಶದ ರಾಜಧಾನಿಯು ೧೨ ಪ್ರಾಂತಗಳನ್ನು ಹಿಂಡಿ ಬದುಕುತ್ತದೆ. ಪ್ರಾಂತಗಳು ಹಿಂದೊಮ್ಮೆ ದಂಗೆಯೆದ್ದುದಕ್ಕೆ ಶಿಕ್ಷೆಯಾಗಿ, ವರ್ಷವರ್ಷವೂ ಪ್ರಾಂತಕ್ಕೊಬ್ಬ ಹುಡುಗ, ಒಬ್ಬ ಹುಡುಗಿಯನ್ನು ಚೀಟಿಯೆತ್ತಿ ಆರಿಸಿ, ಒಬ್ಬರೇ ಉಳಿಯುವ ತನಕ ಅಖಾಡದಲ್ಲಿ ಕಾದಾಡಿಸುತ್ತಾರೆ. ಆ ಮಕ್ಕಳ ವಯಸ್ಸು ೧೨ರಿಂದ ೧೮. ದೇಶವೆಲ್ಲ ಅದನ್ನು ದೂರದರ್ಶನದಲ್ಲಿ ನೋಡಲೇಬೇಕು. ಕ್ರೀಟ್ ದ್ವೀಪದ ರಾಕ್ಷಸನಿಗೆ ಅಥೆನ್ಸ್ ನಗರವು ತನ್ನ ಮಕ್ಕಳನ್ನು ಒಪ್ಪಿಸುತ್ತಿದ್ದ ಗ್ರೀಕ್ ಪುರಾಣದಿಂದ ತಮಗೆ ಪ್ರೇರಣೆ ದೊರೆಯಿತೆಂದು ಲೇಖಕಿಯೇ ಹೇಳಿದ್ದಾರೆ. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ಏಕಚಕ್ರನಗರದ ಮನೆಮನೆಯಿಂದ ಸರದಿಯಂತೆ ಬಂಡಿ ಅನ್ನವನ್ನೂ ಒಬ್ಬ ಮನುಷ್ಯನನ್ನೂ ತರಿಸಿಕೊಳ್ಳುತ್ತಿದ್ದ ಬಕಾಸುರನನ್ನು ನಮ್ಮ ಒಂದನೆಯ ಇಯತ್ತೆಯ ಕೂಸೂ ಬಲ್ಲದು.

ಮೊದಲ ಸಂಪುಟದಲ್ಲಿ ಕ್ಯಾಟ್ನಿಸ್ ಎಂಬ ಹುಡುಗಿ ತನ್ನ ಜೊತೆಗಾರ ಪೀಟಾನನ್ನೂ ಉಳಿಸಿಕೊಂಡು ಗೆಲ್ಲುತ್ತಾಳೆ. ಎರಡನೆಯದರಲ್ಲಿ ಆ ಗೆಲುವೇ ಅವಳ ಕೊರಳಿಗೆ ಸುತ್ತಿಕೊಳ್ಳುತ್ತದೆ. ೭೫ನೆಯ ವರ್ಷದ ಪಂದ್ಯಕ್ಕೆ ಹಿಂದೆ ಗೆದ್ದವರನ್ನೇ ಮತ್ತೆ ಅಖಾಡಕ್ಕಿಳಿಸಬೇಕೆಂದು ರಾಜಧಾನಿ ಘೋಷಿಸುತ್ತದೆ. ಇಲ್ಲಿಂದಲೇ ದೂರುಗಳ ಸುರಿಮಳೆ.

ಮೊದಲನೆಯ ದೂರು: ಇದು ಪುನರುಕ್ತಿ, ಅದೇ ಅಖಾಡ, ಅದೇ ಕಾದಾಟ, ಲೇಖಕಿಯ ಸರಕು ತೀರಿದೆ. ಹೀಗೆನ್ನುವ ಮಹಾಶಯರನ್ನು ನಾವು ಒಂದೇ ಪ್ರಶ್ನೆ ಕೇಳುತ್ತೇವೆ: ಮಹಾಭಾರತದಲ್ಲಿ ಪಗಡೆಯಾಟ ಎಷ್ಟು ಸಲ ನಡೆಯಿತು? ಎರಡು ಸಲ. ದ್ರೌಪದಿಯ ಮಾತಿನ ಬಲದಿಂದ ಪಾಂಡವರು ದಾಸ್ಯದಿಂದ ಬಿಡುಗಡೆ ಹೊಂದಿ ಊರಿನ ದಾರಿ ಹಿಡಿದಿದ್ದರು. ಅಷ್ಟರಲ್ಲಿ ಮತ್ತೆ ಕರೆ ಬಂತು. ಮತ್ತೆ ಅದೇ ಸಭೆ, ಅದೇ ಶಕುನಿ, ಅದೇ ದಾಳ. ಹನ್ನೆರಡು ವರ್ಷದ ವನವಾಸವೂ ಒಂದು ವರ್ಷದ ಅಜ್ಞಾತವಾಸವೂ ಈ ಎರಡನೆಯ ಆಟದ ಫಲವೇ ಹೊರತು ಮೊದಲನೆಯದರ ಫಲವಲ್ಲ. ಅದನ್ನು ಪುನರುಕ್ತಿಯೆಂದು ಯಾರಾದರೂ ಕೈಬಿಟ್ಟರೇ? ಅಧರ್ಮದ ಲಕ್ಷಣವೇ ಅದು: ಸೋತ ಆಟವನ್ನು ಅದು ಸೋತೆನೆಂದು ಒಪ್ಪಿಕೊಳ್ಳದೆ, ಗೆದ್ದವರನ್ನು ಮತ್ತೆ ಆಟಕ್ಕೆಳೆಯುತ್ತದೆ. ಮೊದಲ ಆಟದಲ್ಲಿ ನಾವು ಆಟಗಾರರನ್ನು ನೋಡುತ್ತೇವೆ. ಎರಡನೆಯದರಲ್ಲಿ ಆಟವಾಡಿಸುವವರನ್ನು ಕಾಣುತ್ತೇವೆ. ಆದುದರಿಂದಲೇ ಆ ಎರಡನೆಯ ಅಖಾಡವು ಗಡಿಯಾರದ ಮುಖದಂತೆ ೧೨ ಭಾಗಗಳಾಗಿದ್ದು, ಗಂಟೆಗೊಂದು ಭಾಗದಿಂದ ಒಂದೊಂದು ವಿಪತ್ತು ಹೊರಡುತ್ತದೆ. ಕ್ರೌರ್ಯವು ಆಕಸ್ಮಿಕವಲ್ಲ, ಅದಕ್ಕೆ ವೇಳಾಪಟ್ಟಿಯುಂಟು ಎಂಬುದನ್ನು ಅರಿಯಲು ಎರಡನೆಯ ಸಲ ಒಳಹೊಗಲೇಬೇಕು.

ಎರಡನೆಯ ದೂರು: ಕಥೆಗೆ ಮುಕ್ತಾಯವಿಲ್ಲ. ನಿಜ. ಪೀಟಾ ಶತ್ರುಗಳ ಕೈಗೆ ಸಿಕ್ಕಿದ್ದಾನೆ. ಹುಟ್ಟಿದ ೧೨ನೆಯ ಪ್ರಾಂತವೇ ಇನ್ನಿಲ್ಲವೆಂಬ ಸುದ್ದಿಯೊಡನೆ ಪುಸ್ತಕ ಮುಗಿಯುತ್ತದೆ. ತನ್ನನ್ನು ಪಾರುಮಾಡಲು ಇತರರು ಹೂಡಿದ ಹಂಚಿಕೆಯೂ ನಾಯಿಕೆಗೆ ಕೊನೆಯವರೆಗೆ ತಿಳಿದಿರುವುದಿಲ್ಲ. ಇದು ಓದುಗನಿಗೆ ಮಾಡಿದ ವಂಚನೆಯೆಂದು ಕೆಲವರು ಸಿಡುಕುತ್ತಾರೆ. ಕಥೆಯನ್ನು ಹೇಳುವವಳು ಅವಳೇ; ಅವಳಿಗೆ ತಿಳಿಯದ್ದು ನಮಗೆ ತಿಳಿಯುವುದೆಂತು? ದಬ್ಬಾಳಿಕೆಯ ಕೆಳಗೆ ಬದುಕುವವರಿಗೆ ಸುದ್ದಿ ಅರೆಬರೆಯಾಗಿಯೇ ತಲುಪುತ್ತದೆ. ಆ ಕತ್ತಲೆಯನ್ನು ಓದುಗನೂ ಒಂದಿಷ್ಟು ಹೊತ್ತು ಅನುಭವಿಸಲಿ. ತ.ರಾ.ಸು. ಅವರ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳನ್ನು ಓದಿದ ಕನ್ನಡಿಗನಿಗೆ ಇದು ಹೊಸ ಪಾಠವಲ್ಲ. ‘ರಕ್ತರಾತ್ರಿ’ಯನ್ನು ಮುಚ್ಚಿಟ್ಟು ನಿದ್ದೆಗೆಟ್ಟವನೇ ‘ತಿರುಗುಬಾಣ’ಕ್ಕೆ ಅರ್ಹನಾದ ಓದುಗ.

ಮೂರನೆಯ ದೂರು ಎಲ್ಲಕ್ಕಿಂತ ಗಂಭೀರವಾದುದು: ಇಂಥ ಪುಸ್ತಕ ಎಳೆಯರ ಕೈಗೆ ತಕ್ಕುದಲ್ಲ. ಅಮೆರಿಕದ ಗ್ರಂಥಾಲಯ ಸಂಘವು ೨೦೧೧ರಲ್ಲಿ ಅತಿ ಹೆಚ್ಚು ಆಕ್ಷೇಪಕ್ಕೊಳಗಾದ ಪುಸ್ತಕಗಳನ್ನು ಪಟ್ಟಿಮಾಡಿದಾಗ ಈ ಮೂರು ಸಂಪುಟಗಳಿಗೆ ಸಿಕ್ಕಿದ್ದು ೩ನೆಯ ಸ್ಥಾನ. ಹಿಂಸೆಯುಂಟು, ಕುಟುಂಬಕ್ಕೆ ವಿರೋಧಿ ಎಂಬಿವು ಅಲ್ಲಿನ ಆಪಾದನೆಗಳು. ಕನ್ನಡಿಗರು ಈ ರಾಗವನ್ನು ಮೊದಲೇ ಕೇಳಿದವರು. ೧೯೫೦ರ ದಶಕದಲ್ಲಿ ಅ.ನ.ಕೃ. ಅವರ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳ ಮೇಲೆ ಅಶ್ಲೀಲತೆಯ ಆರೋಪವೆದ್ದಾಗ ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಡಬೇಕಾಯಿತು. ಆ ಕೃತಿಗಳ ವಿಷಯ ಬೇರೆ, ಓದುಗರ ವಯಸ್ಸು ಬೇರೆ. ಭಯ ಮಾತ್ರ ಒಂದೇ. ರೋಗವನ್ನು ಹೆಸರಿಸಿದವನೇ ರೋಗ ತಂದನೆಂಬ ಭಯ.

ಎಳೆಯರ ಕೈಗೆ ಕೊಡುವ ಪುಸ್ತಕದಲ್ಲಿ ವಿವೇಚನೆ ಬೇಡವೆಂದು ನಾವು ವಾದಿಸುವುದಿಲ್ಲ. ಐದನೆಯ ಇಯತ್ತೆಯ ಮಗುವಿಗೆ ಈ ಪುಸ್ತಕ ಸಲ್ಲದು. ಆದರೆ ಹದಿನೈದರ ಹುಡುಗ ಹುಡುಗಿಯರಿಗೆ ಹಿಂಸೆಯನ್ನು ವಿನೋದವಾಗಿ ತೋರಿಸುವ ಚಿತ್ರಗಳನ್ನು ದಿನವೂ ನೋಡಗೊಟ್ಟು, ಹಿಂಸೆಯನ್ನು ವಿನೋದವಾಗಿ ನೋಡುವುದೇ ಪಾಪವೆಂದು ಸಾರುವ ಪುಸ್ತಕವನ್ನು ಮಾತ್ರ ಕಸಿದುಕೊಳ್ಳುವುದು ಯಾವ ವಿವೇಕ? ಗುರುಗಳೇ, ನಮ್ಮ ಶಾಲೆಯ ಕಪಾಟನ್ನೊಮ್ಮೆ ತೆರೆದು ನೋಡಿರಿ. ನೀತಿಕಥೆಗಳಿವೆ, ಮಹನೀಯರ ಚರಿತ್ರೆಗಳಿವೆ. ಇವೆಲ್ಲವೂ ಬೇಕು. ಆದರೆ ಮಗು ಪ್ರಶ್ನೆ ಕೇಳತೊಡಗುವ ವಯಸ್ಸಿಗೆ ಅಲ್ಲಿ ಪುಸ್ತಕವೇ ಇಲ್ಲ. ಆ ಖಾಲಿ ಜಾಗವನ್ನು ಕಂಡ ವಿದ್ಯಾರ್ಥಿಯು ಯೋಚಿಸಲು ಕನ್ನಡ ಸಾಲದೆಂದು ತೀರ್ಮಾನಿಸಿದರೆ, ತಪ್ಪು ಅವನದೆನ್ನುವ ಧೈರ್ಯ ನಮಗಿಲ್ಲ.

ವಿದ್ಯಾರ್ಥಿಗಳೂ ನಿರ್ದೋಷಿಗಳಲ್ಲ. ನಾಯಿಕೆ ಪೀಟಾನನ್ನು ವರಿಸಬೇಕೋ ಗೇಲ್‌ನನ್ನೋ ಎಂಬ ಜಗಳದಲ್ಲಿ ಪುಸ್ತಕವನ್ನು ಮುಗಿಸಿಬಿಡುವವರು ಬಹಳ. ಅವರು ೧೧ನೆಯ ಪ್ರಾಂತದ ಪ್ರಸಂಗವನ್ನು ಮತ್ತೆ ಓದಲಿ. ಸತ್ತ ಬಾಲೆಯೊಬ್ಬಳಿಗಾಗಿ ಕ್ಯಾಟ್ನಿಸ್ ನಾಲ್ಕು ಮಾತನಾಡುತ್ತಾಳೆ. ಮುದುಕನೊಬ್ಬ ಸಿಳ್ಳು ಹಾಕುತ್ತಾನೆ. ಜನವೆಲ್ಲ ಮೂರು ಬೆರಳನ್ನು ತುಟಿಗೊತ್ತಿ ಅವಳತ್ತ ಎತ್ತುತ್ತಾರೆ. ಮರುಗಳಿಗೆ ಮುದುಕನ ಹೆಣ ಬೀಳುತ್ತದೆ. ೨೦೧೪ರ ಮೇ ತಿಂಗಳಲ್ಲಿ ಥಾಯ್ಲೆಂಡಿನ ಸೈನ್ಯ ಅಧಿಕಾರವನ್ನು ಕಸಿದುಕೊಂಡಾಗ ಅಲ್ಲಿನ ತರುಣರು ಎತ್ತಿದ್ದು ಇದೇ ಮೂರು ಬೆರಳುಗಳನ್ನು. ಅದೇ ನವೆಂಬರಿನಲ್ಲಿ ಖೋನ್ ಕೇನ್‌ನಲ್ಲಿ ಪ್ರಧಾನಿಯ ಭಾಷಣದೆದುರು ಹಾಗೆ ಮಾಡಿದ ಐವರು ವಿದ್ಯಾರ್ಥಿಗಳನ್ನು ಹಿಡಿದೊಯ್ದರು. ೨೦೨೧ರಲ್ಲಿ ಮ್ಯಾನ್ಮಾರಿನ ಬೀದಿಗಳಲ್ಲಿಯೂ ಆ ಸನ್ನೆ ಕಾಣಿಸಿತು. ಓದುಗರ ಪ್ರತಿಕ್ರಿಯೆ ಎಂದರೆ ಇದು! ‘ಚೆನ್ನಾಗಿದೆ’, ‘ಬೇಸರ ಬಂತು’ ಎಂಬ ಎರಡು ಮಾತುಗಳಲ್ಲಿ ಅಭಿಪ್ರಾಯ ಮುಗಿಸುವವರು ಇದನ್ನು ನೆನೆದು ನಾಚಬೇಕು.

ಕೊನೆಗೆ ನಮ್ಮ ಮಾತು. ಚಪಳಗಾಂವದಂಥ ಊರಿನ ಕನ್ನಡಿಗರಿಗೆ ನಡುವಣ ಪುಸ್ತಕ ಬೇರೆಯವರಿಗಿಂತ ಚೆನ್ನಾಗಿ ಅರ್ಥವಾಗಬೇಕು. ೧೯೫೬ರ ನವೆಂಬರ್ ೧ರಂದು ಕನ್ನಡನಾಡು ಒಂದಾದಾಗ ಅಕ್ಕಲಕೋಟ ತಾಲೂಕು ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. ೧೯೬೭ರಲ್ಲಿ ಮಹಾಜನ ಆಯೋಗವು ಅದನ್ನು ಮೈಸೂರು ರಾಜ್ಯಕ್ಕೆ ಸೇರಿಸಲು ಶಿಫಾರಸು ಮಾಡಿತು. ಶಿಫಾರಸು ಕಾಗದದಲ್ಲಿಯೇ ಉಳಿಯಿತು. ನೆರೆಯ ಮರಾಠಿಯನ್ನು ಆ ಕಥೆಯ ರಾಜಧಾನಿಗೆ ಹೋಲಿಸುವ ಅವಿವೇಕ ನಮ್ಮದಲ್ಲ. ಒಂದೇ ಬಾವಿಯ ನೀರು ಕುಡಿದವರು ನಾವು. ನಾವು ಹೇಳುವುದಿಷ್ಟೆ: ಮುಕ್ತಾಯವಿಲ್ಲದ ಸಂಪುಟದೊಳಗೆ ನಾವು ಅಜ್ಜನ ಕಾಲದಿಂದ ಬದುಕುತ್ತಿದ್ದೇವೆ. ಕೊನೆಯ ಪುಟ ಬರಲಿ, ಆಮೇಲೆ ನೋಡೋಣ ಎಂದು ಕುಳಿತವನು ಇಂದಿನ ಕನ್ನಡ ಶಾಲೆಗೆ ಮಗುವನ್ನು ಕಳಿಸುವುದಿಲ್ಲ, ಇಂದಿನ ಪುಸ್ತಕವನ್ನು ಕೊಳ್ಳುವುದಿಲ್ಲ. ಮುಕ್ತಾಯವನ್ನು ಬರೆಯುವ ಅಧಿಕಾರ ನಮ್ಮ ಕೈಯಲ್ಲಿಲ್ಲದಿರಬಹುದು; ನಡುವಣ ಪುಟಗಳನ್ನು ಓದುವ, ಓದಿಸುವ ಕರ್ತವ್ಯವನ್ನು ಮಾತ್ರ ಯಾರೂ ನಮ್ಮಿಂದ ಕಸಿದುಕೊಂಡಿಲ್ಲ.

ಆದುದರಿಂದ ಗುರುಗಳು ಕಪಾಟಿನ ಖಾಲಿ ಜಾಗವನ್ನು ತುಂಬಲಿ. ವಿದ್ಯಾರ್ಥಿಗಳು ಓದಲಿ, ಒಪ್ಪದಿದ್ದರೆ ಕಾರಣ ಸಹಿತವಾಗಿ, ಕನ್ನಡದಲ್ಲಿ, ನಮ್ಮೊಡನೆ ಜಗಳವಾಡಲಿ. ಆ ಜಗಳಕ್ಕೆ ಈ ಪತ್ರಿಕೆಯ ಪುಟಗಳು ತೆರೆದೇ ಇರುತ್ತವೆ.